ಚಾರ್ಟರ್ ವಿಮಾನದ ಆಯ್ಕೆ: ಇಳಿಯುವ ಊರಿನಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ

ಚಾರ್ಟರ್ ವಿಮಾನ, ಅಂದರೆ ಪೂರ್ತಿಯಾಗಿ ಬಾಡಿಗೆಗೆ ಪಡೆಯುವ ವಿಮಾನ, ಬೇಕೆಂದು ವಿಚಾರಿಸುವವರ ಮೊದಲ ಪ್ರಶ್ನೆ ಬಹುತೇಕ ‘ಎಷ್ಟು ಸೀಟಿನದು ಸಿಗುತ್ತದೆ, ಗಂಟೆಗೆ ಎಷ್ಟಾಗುತ್ತದೆ’ ಎಂಬುದೇ ಆಗಿರುತ್ತದೆ. ಬ್ರೋಕರುಗಳೂ ಅದಕ್ಕೆ ತಕ್ಕಂತೆ ಚರ್ಮದ ಆಸನ, ಹೊಳೆಯುವ ಮರದ ಮೇಜುಗಳ ಚಿತ್ರವಿರುವ ನಾಲ್ಕಾರು ವಿಮಾನಗಳ ವಿವರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಕೆಳಗೆ ದರ ಬರೆದಿರುತ್ತಾರೆ. ಸೀಟು, ದರ ಎರಡೂ ಮುಖ್ಯವೇ. ಆದರೆ ಅವು ಲೆಕ್ಕದ ಕೊನೆಯಲ್ಲಿ ಬರಬೇಕಾದವು. ಯಾವ ಊರಿನಲ್ಲಿ ಇಳಿಯಬೇಕು, ಅಲ್ಲಿನ ರನ್‌ವೇ ಎಷ್ಟು ಉದ್ದ, ಆ ತಿಂಗಳಲ್ಲಿ ಅಲ್ಲಿ ಬಿಸಿಲೋ ಮಳೆಯೋ, ಹೊರಡುವವರ ಮತ್ತು ಸಾಮಾನಿನ ಒಟ್ಟು ತೂಕವೆಷ್ಟು ಎಂಬುದು ಖಚಿತವಾದ ಮೇಲೆ ಉಳಿಯುವ ಆಯ್ಕೆಗಳು ಎರಡೋ ಮೂರೋ ಅಷ್ಟೆ. ಬೆಂಗಳೂರಿನಿಂದ ಹೊರಡುವ ಪ್ರಯಾಣವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ರಾಜ್ಯದೊಳಗಿನ ಓಡಾಟಕ್ಕೆ ಜೆಟ್ ನಿಜವಾಗಿ ಬೇಕಾಗುವ ಸಂದರ್ಭಗಳು ಬಹಳ ಕಡಿಮೆ ಎಂಬ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳು ಮುಂದೆ ಬರುತ್ತವೆ.

ಮೊದಲ ಹೆಜ್ಜೆ: ಒಂದು ಹಾಳೆಯಲ್ಲಿ ಪ್ರಯಾಣದ ವಿವರ

ಆಪರೇಟರಿಗೆ, ಅಂದರೆ ವಿಮಾನ ಹಾರಿಸುವ ಕಂಪನಿಗೆ, ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಪ್ರಯಾಣಿಕರ ಸಂಖ್ಯೆ, ಪ್ರತಿಯೊಬ್ಬರ ಅಂದಾಜು ತೂಕ, ಸೂಟ್‌ಕೇಸ್‌ಗಳ ಸಂಖ್ಯೆ ಮತ್ತು ಗಾತ್ರ, ಹೊರಡುವ ಹಾಗೂ ಮರಳುವ ಸಮಯ, ಅಲ್ಲಿ ವಿಮಾನ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಬರೆದುಕೊಳ್ಳಬೇಕು. ವಯಸ್ಸಾದವರು, ಗರ್ಭಿಣಿಯರು, ಗಾಲಿಕುರ್ಚಿ ಬಳಸುವವರು ಇದ್ದರೆ ಅದನ್ನೂ ಬರೆಯಬೇಕು. ಮರಳುವ ಸಮಯವನ್ನು ‘ಸಂಜೆ’ ಎಂದಷ್ಟೇ ಬರೆದರೆ ಸಾಲದು. ಹಲವು ಸಣ್ಣ ವಿಮಾನ ನಿಲ್ದಾಣಗಳು ನಿಗದಿತ ಅವಧಿಯಲ್ಲಿ ಮಾತ್ರ ತೆರೆದಿರುತ್ತವೆ. ಅದರಾಚೆ ಇಳಿಯಲು ಅಥವಾ ಹೊರಡಲು ಮೊದಲೇ ಕೇಳಿಕೊಂಡು, ಹೆಚ್ಚುವರಿ ಶುಲ್ಕ ಕಟ್ಟಿ ಸಮಯ ವಿಸ್ತರಿಸಿಕೊಳ್ಳಬೇಕಾಗುತ್ತದೆ. ಪೈಲಟ್‌ಗಳ ಕರ್ತವ್ಯದ ಅವಧಿಗೂ ಕಾನೂನಿನ ಮಿತಿ ಇದೆ. ಬೆಳಗಿನ ಜಾವ ಹೊರಟು, ಮಧ್ಯಾಹ್ನವಿಡೀ ಮದುವೆ ಮನೆಯಲ್ಲಿದ್ದು, ರಾತ್ರಿ ಊಟ ಮುಗಿಸಿಕೊಂಡು ಹೊರಡುತ್ತೇವೆಂದರೆ ಅದೇ ಪೈಲಟ್‌ಗಳು ಮರಳಿ ಹಾರಿಸುವಂತಿಲ್ಲದಿರಬಹುದು.

ಹೊರಡುವ ನಿಲ್ದಾಣವೂ ಆಯ್ಕೆಯ ವಿಷಯವೇ. ಬೆಂಗಳೂರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಲ್ಲದೆ ಹಳೆಯ ಎಚ್‌ಎಎಲ್ ನಿಲ್ದಾಣವೂ ಚಾರ್ಟರ್ ವಿಮಾನಗಳಿಗೆ ಒದಗುತ್ತದೆ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆಯವರಿಗೆ ಇದರಿಂದ ಉಳಿಯುವ ಸಮಯ, ವೇಗದ ವಿಮಾನಕ್ಕೆ ದುಡ್ಡು ಸುರಿದು ಉಳಿಸುವ ಸಮಯಕ್ಕಿಂತ ಹೆಚ್ಚು. ಎಚ್‌ಎಎಲ್‌ನಲ್ಲಿ ರಕ್ಷಣಾ ಚಟುವಟಿಕೆಗಳಿಗೆ ಆದ್ಯತೆ ಇರುವುದರಿಂದ ಮುಂಗಡ ಅನುಮತಿಯ ಬಗ್ಗೆ ಆಪರೇಟರನ್ನು ಮೊದಲೇ ಕೇಳಬೇಕು. ಜಕ್ಕೂರಿನ ರನ್‌ವೇ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ್ದು. ತರಬೇತಿ ವಿಮಾನ ಮತ್ತು ಹೆಲಿಕಾಪ್ಟರ್‌ಗಳಿಗೆ ಅದು ಸರಿ, ಜೆಟ್‌ಗಳ ಮಾತು ಅಲ್ಲಿ ಬೇಡ.

ಡಿಸೆಂಬರ್, ಜನವರಿಯ ಬೆಳಗುಗಳ ಬಗ್ಗೆಯೂ ಒಂದು ಎಚ್ಚರಿಕೆ. ದೇವನಹಳ್ಳಿಯಲ್ಲಿ ಆ ದಿನಗಳಲ್ಲಿ ದಟ್ಟ ಮಂಜು ಕವಿಯುತ್ತದೆ. ದೊಡ್ಡ ಕಂಪನಿಗಳ ವಿಮಾನಗಳಲ್ಲಿ ಕಡಿಮೆ ಗೋಚರತೆಯಲ್ಲೂ ಇಳಿಯುವ ಉಪಕರಣ ಮತ್ತು ಅದಕ್ಕೆ ತರಬೇತಾದ ಪೈಲಟ್‌ಗಳು ಇರುತ್ತಾರೆ. ಚಾರ್ಟರ್‌ನ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಸಾಮಾನ್ಯ ದರ್ಜೆಯ ಇಳಿಕೆಗೆ, ಅಂದರೆ ರನ್‌ವೇ ಮೇಲೆ ಸುಮಾರು 550 ಮೀಟರ್ ದೂರ ಕಾಣಿಸುವಾಗ ಮಾತ್ರ, ಅರ್ಹವಾಗಿರುತ್ತವೆ. ಲಕ್ಷಗಟ್ಟಲೆ ಕೊಟ್ಟು ಗೊತ್ತುಮಾಡಿದ ವಿಮಾನ ಬೇರೆ ಊರಿನಿಂದ ಬರಲಾಗದೆ ಉಳಿದು, ಪಕ್ಕದ ಟರ್ಮಿನಲ್‌ನಲ್ಲಿ ಸಾಮಾನ್ಯ ಟಿಕೆಟ್‌ನ ವಿಮಾನ ಬಂದಿಳಿಯುವುದು ಅಸಾಧ್ಯವೇನಲ್ಲ. ಆ ತಿಂಗಳುಗಳಲ್ಲಿ ವಿಮಾನವನ್ನು ಹಿಂದಿನ ರಾತ್ರಿಯೇ ತರಿಸಿಕೊಳ್ಳುವುದು ಅಥವಾ ಹೊರಡುವ ಸಮಯವನ್ನು ಒಂಬತ್ತರ ನಂತರಕ್ಕೆ ಇಟ್ಟುಕೊಳ್ಳುವುದು ಒಳಿತು.

ಎರಡನೆಯದು: ಇಳಿಯುವ ಊರಿನ ರನ್‌ವೇ

ಕರ್ನಾಟಕದ ನಿಲ್ದಾಣಗಳ ರನ್‌ವೇಗಳು ಒಂದೇ ಅಳತೆಯವಲ್ಲ. ಕಲಬುರಗಿಯದು 3,175 ಮೀಟರ್, ಶಿವಮೊಗ್ಗದ್ದು 3,050 ಮೀಟರ್, ಹುಬ್ಬಳ್ಳಿಯದು 2,600 ಮೀಟರ್, ಬೆಳಗಾವಿಯ ಸಾಂಬ್ರಾದ್ದು 2,300 ಮೀಟರ್. ಇವುಗಳಲ್ಲಿ ಚಾರ್ಟರ್‌ಗೆ ಸಿಗುವ ಸಣ್ಣ, ಮಧ್ಯಮ ಗಾತ್ರದ ಯಾವ ವಿಮಾನಕ್ಕೂ ಉದ್ದದ ಚಿಂತೆ ಇಲ್ಲ. ಮೈಸೂರಿನ ಮಂಡಕಳ್ಳಿಯದು ಮಾತ್ರ 1,740 ಮೀಟರ್. ಇಲ್ಲಿಗೆ ಬಂದಾಗ ಲೆಕ್ಕ ಹಾಕಲೇಬೇಕು.

ಬಾಡಿಗೆಗೆ ಪ್ರಯಾಣಿಕರನ್ನು ಕರೆದೊಯ್ಯುವ ಹಾರಾಟದಲ್ಲಿ, ತಯಾರಕರ ಪುಸ್ತಕದಲ್ಲಿರುವ ನಿಲುಗಡೆ ದೂರವು ರನ್‌ವೇಯ ಉದ್ದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಇಳಿಯುವಂತಿಲ್ಲ. ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ರೂಢಿಯ ಪ್ರಕಾರ ಜೆಟ್ ವಿಮಾನವು ಲಭ್ಯ ಉದ್ದದ ಶೇ 60ರೊಳಗೆ, ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಫ್ಯಾನ್ ತಿರುಗುವ ವಿಮಾನ) ಶೇ 70ರೊಳಗೆ ನಿಲ್ಲುವಂತಿರಬೇಕು. ರನ್‌ವೇ ಒದ್ದೆಯಾಗಿದ್ದರೆ ಬೇಕಾದ ಉದ್ದಕ್ಕೆ ಇನ್ನೂ ಶೇ 15 ಸೇರಿಸಬೇಕು. ಮಂಡಕಳ್ಳಿಗೆ ಇದನ್ನು ಅನ್ವಯಿಸಿದರೆ ಜೆಟ್ ಒಣ ರನ್‌ವೇಯಲ್ಲಿ 1,044 ಮೀಟರ್‌ಗಳಲ್ಲಿ ನಿಲ್ಲುವಂತಿರಬೇಕು, ಮಳೆ ಬಂದಿದ್ದರೆ ಸುಮಾರು 900 ಮೀಟರ್‌ಗಳಲ್ಲೇ ನಿಲ್ಲುವಂತಿರಬೇಕು. ಟರ್ಬೊಪ್ರಾಪ್‌ಗೆ ಈ ಅಂಕಿಗಳು ಕ್ರಮವಾಗಿ 1,218 ಮತ್ತು ಸುಮಾರು 1,060. ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200 ಎಂಬ ಟರ್ಬೊಪ್ರಾಪ್‌ಗೆ ಇದು ಸಲೀಸು, ಫಿನಾಮ್ 300ರಂತಹ ಲಘು ಜೆಟ್‌ಗೆ ತೂಕ ನೋಡಿಕೊಂಡರೆ ಸಾಧ್ಯ, ಮಧ್ಯಮ ಗಾತ್ರದ ಜೆಟ್‌ಗೆ ಮಳೆಗಾಲದ ದಿನ ಬಹಳ ಬಿಗಿ. ದಸರೆಯ ಸಮಯದಲ್ಲಿ ಮೈಸೂರಿಗೆ ದೊಡ್ಡ ಜೆಟ್ ಕೇಳುವವರಿಗೆ ಬೆಂಗಳೂರಿನಲ್ಲೇ ಇಳಿದು ರಸ್ತೆಯಲ್ಲಿ ಹೋಗಿ ಎಂಬ ಉತ್ತರ ಸಿಗುವುದಕ್ಕೆ ಇದೂ ಒಂದು ಕಾರಣ.

ಮಂಗಳೂರಿನ ರನ್‌ವೇ 2,450 ಮೀಟರ್ ಇದ್ದರೂ ಅದು ಗುಡ್ಡದ ತಲೆಯ ಮೇಲಿರುವುದು, ಎರಡೂ ತುದಿಗಳಲ್ಲಿ ನೆಲ ಕೆಳಕ್ಕೆ ಇಳಿಯುತ್ತದೆ. 2010ರ ಮೇ 22ರ ದುರಂತದಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದದ್ದನ್ನು ಕರಾವಳಿಯವರು ಮರೆತಿಲ್ಲ. ಸಣ್ಣ ವಿಮಾನಗಳಿಗೆ ಆ ಉದ್ದ ಧಾರಾಳವಾಗಿಯೇ ಇದೆ; ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇಳಿಯಲಾಗದೆ ಹಿಂದಿರುಗಬೇಕಾಗಿ ಬರಬಹುದೆಂದು ಲೆಕ್ಕಹಾಕಿ, ಬೇರೆಡೆಗೆ ತಿರುಗಿಸುವಷ್ಟು ಇಂಧನ ಒಯ್ಯಬಲ್ಲ ವಿಮಾನವನ್ನೇ ಆರಿಸಬೇಕು. ಲಕ್ಷದ್ವೀಪದ ಅಗತ್ತಿಯಂತಹ ಕಡೆಗೆ, ಅಲ್ಲಿನ ರನ್‌ವೇ ಒಂದೂಕಾಲು ಕಿಲೋಮೀಟರ್ ಆಸುಪಾಸಿನದು, ಎರಡು ಎಂಜಿನ್‌ಗಳ ಟರ್ಬೊಪ್ರಾಪ್ ಬಿಟ್ಟು ಬೇರೆಯದನ್ನು ಯೋಚಿಸುವುದೇ ವ್ಯರ್ಥ.

ಬಿಸಿಲು ಮತ್ತು ಎತ್ತರ

ರನ್‌ವೇಯ ಉದ್ದ ಕಾಗದದ ಮೇಲೆ ಬದಲಾಗುವುದಿಲ್ಲ, ಗಾಳಿ ಬದಲಾಗುತ್ತದೆ. ಎತ್ತರದ ಊರಿನಲ್ಲೂ ಬಿಸಿ ಹೆಚ್ಚಿದಾಗಲೂ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ಕಡಿಮೆಯಾಗುತ್ತವೆ, ನೆಲ ಬಿಡಲು ಬೇಕಾದ ಓಟ ಹೆಚ್ಚುತ್ತದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ ಸುಮಾರು 9 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಾಗುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಎತ್ತರ ಕೂಡಿಸಿಕೊಳ್ಳುವುದು ಪೈಲಟ್‌ಗಳ ರೂಢಿಯ ಸೂತ್ರ. ಹೊರಗೆ 30 ಡಿಗ್ರಿ ಇದ್ದರೆ 21 ಡಿಗ್ರಿ ಹೆಚ್ಚುವರಿ, ಅಂದರೆ ಇನ್ನೂ ಸುಮಾರು 770 ಮೀಟರ್. ವಿಮಾನದ ಮಟ್ಟಿಗೆ ಅದು 1,680 ಮೀಟರ್ ಎತ್ತರದ ಬೆಟ್ಟದ ಮೇಲಿನಿಂದ ಹೊರಟಂತೆ. ಕಲಬುರಗಿ 450 ಮೀಟರ್ ಎತ್ತರದಲ್ಲಿದ್ದರೂ ಏಪ್ರಿಲ್‌ನ 42 ಡಿಗ್ರಿ ಬಿಸಿಲಿನಲ್ಲಿ ಇದೇ ಲೆಕ್ಕ 1,550 ಮೀಟರ್‌ಗೆ ಬಂದು ನಿಲ್ಲುತ್ತದೆ.

ದೇವನಹಳ್ಳಿಯಲ್ಲೂ ಕಲಬುರಗಿಯಲ್ಲೂ ರನ್‌ವೇ ಉದ್ದವಾಗಿರುವುದರಿಂದ ಇದು ತೊಂದರೆಯಾಗುವುದಿಲ್ಲ. ಕೈಗಾರಿಕೆಗಳ ಖಾಸಗಿ ಏರ್‌ಸ್ಟ್ರಿಪ್‌ಗಳಲ್ಲಿ, ಬೇಸಿಗೆಯ ಮಧ್ಯಾಹ್ನ, ಪೂರ್ತಿ ಸೀಟು ತುಂಬಿಸಿಕೊಂಡು ಹೊರಡುವಾಗ ಆಗುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಏಪ್ರಿಲ್–ಮೇ ತಿಂಗಳ ಪ್ರಯಾಣವಿದ್ದರೆ ಹೊರಡುವ ಸಮಯವನ್ನು ಬೆಳಿಗ್ಗೆ ಎಂಟರೊಳಗೆ ಅಥವಾ ಬಿಸಿಲು ಇಳಿದ ಮೇಲೆ ಇಟ್ಟುಕೊಂಡರೆ, ದೊಡ್ಡ ವಿಮಾನಕ್ಕೆ ಏರದೆಯೇ ಕೆಲಸ ಆಗಿಬಿಡುತ್ತದೆ.

ಸೀಟಿನ ಸಂಖ್ಯೆಯಲ್ಲ, ತೂಕ

ಈ ಹೆಜ್ಜೆಯಲ್ಲಿ ಎಡವುವವರೇ ಹೆಚ್ಚು. ‘ಒಂಬತ್ತು ಸೀಟ್ ಇದೆ ಸಾರ್, ಆರಾಮಾಗಿ ಆಗುತ್ತೆ’ ಎಂಬ ಮಾತು ಸುಳ್ಳಲ್ಲ. ಒಂಬತ್ತು ಸೀಟು ಇರುವುದು ನಿಜ. ಒಂಬತ್ತು ಜನ, ಅವರ ಸಾಮಾನು, ಆ ದೂರಕ್ಕೆ ಬೇಕಾದ ಇಂಧನ ಮೂರನ್ನೂ ಒಟ್ಟಿಗೆ ಎತ್ತಬಲ್ಲುದೇ ಎಂಬುದು ಬೇರೆಯೇ ಪ್ರಶ್ನೆ.

ನಮ್ಮ ದೇಶದ ಚಾರ್ಟರ್ ವ್ಯವಹಾರದಲ್ಲಿ ಹೆಚ್ಚು ಕಾಣಸಿಗುವ ಕಿಂಗ್ ಏರ್ ಬಿ200ಯನ್ನೇ ನೋಡೋಣ. ನೆಲ ಬಿಡುವಾಗ ಅದರ ಗರಿಷ್ಠ ತೂಕ 5,670 ಕೆ.ಜಿ. ಒಳಾಂಗಣಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾದರೂ, ಇಬ್ಬರು ಪೈಲಟ್‌ಗಳನ್ನು ಸೇರಿಸಿದ ಖಾಲಿ ವಿಮಾನದ ತೂಕ ನಾಲ್ಕು ಟನ್ ಆಸುಪಾಸಿನಲ್ಲಿರುತ್ತದೆ. ಟ್ಯಾಂಕ್ ಭರ್ತಿ ಮಾಡಿದರೆ ಇಂಧನವೇ ಸುಮಾರು 1,650 ಕೆ.ಜಿ. ಆಗುತ್ತದೆ. ಕೂಡಿಸಿ ನೋಡಿದರೆ ಪ್ರಯಾಣಿಕರಿಗೆಂದು ಉಳಿಯುವುದು ಬಹುತೇಕ ಏನೂ ಇಲ್ಲ. ಆದ್ದರಿಂದ ಈ ವಿಮಾನದಲ್ಲಿ ಜನ ಹೆಚ್ಚಿದಷ್ಟೂ ದೂರ ಕಡಿಮೆಯಾಗುತ್ತದೆ.

ಬೆಂಗಳೂರಿನಿಂದ ಬೆಳಗಾವಿಗೆ ನೇರ ದೂರ ಸುಮಾರು 450 ಕಿ.ಮೀ. ಒಂದು ಗಂಟೆ ಹತ್ತು ನಿಮಿಷದ ಹಾರಾಟ ಮತ್ತು ಮೀಸಲು ಸೇರಿ 700 ಕೆ.ಜಿ. ಇಂಧನವೆಂದು ಇಟ್ಟುಕೊಂಡರೆ ಜನ, ಸಾಮಾನಿಗೆ 900 ಕೆ.ಜಿ.ಗೂ ಹೆಚ್ಚು ಉಳಿಯುತ್ತದೆ. ಏಳು ಜನ ವಯಸ್ಕರು ತಲಾ 80 ಕೆ.ಜಿ.ಯಂತೆ 560, ಸಾಮಾನು 150, ಇನ್ನೂ ಜಾಗವಿದೆ. ಅದೇ ಏಳು ಜನ ದೆಹಲಿಗೆ, ಅಂದರೆ 1,700 ಕಿ.ಮೀ. ದೂರಕ್ಕೆ, ಹೋಗಬೇಕೆಂದರೆ ಇಂಧನ 1,300 ಕೆ.ಜಿ. ದಾಟುತ್ತದೆ, ಉಳಿಯುವ 370 ಕೆ.ಜಿ.ಯಲ್ಲಿ ಕೈಚೀಲದೊಂದಿಗೆ ನಾಲ್ಕು ಜನ ಮಾತ್ರ ಹತ್ತಬಹುದು. ಏಳೂ ಜನ ಹತ್ತಬೇಕೆಂದರೆ ನಾಗಪುರದಲ್ಲೋ ಭೋಪಾಲದಲ್ಲೋ ಇಳಿದು ಇಂಧನ ತುಂಬಿಸಿಕೊಳ್ಳಬೇಕು, ಇಲ್ಲವೇ ವಿಮಾನದ ಬಗೆಯನ್ನೇ ಬದಲಿಸಬೇಕು. ಹೀಗಾಗಿ ಆಪರೇಟರಿಗೆ ಕೇಳಬೇಕಾದ ಪ್ರಶ್ನೆ ‘ಎಷ್ಟು ಸೀಟು’ ಎಂದಲ್ಲ; ‘ನಮ್ಮ ಈ ಸೆಕ್ಟರ್‌ಗೆ (ಊರಿಂದೂರಿಗಿನ ಹಾರಾಟಕ್ಕೆ), ಈ ತಾಪಮಾನದಲ್ಲಿ, ಮಧ್ಯದಲ್ಲಿ ಇಳಿಯದೆ ಎಷ್ಟು ಕಿಲೋ ಪೇಲೋಡ್ (ಜನ, ಸಾಮಾನಿನ ತೂಕ) ಕೊಡುತ್ತೀರಿ’ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಬೇಕು.

ಸಾಮಾನಿನ ಗಾತ್ರವನ್ನೂ ಮರೆಯಬಾರದು. ಮದುವೆ ದಿಬ್ಬಣದ ಗಟ್ಟಿ ಸೂಟ್‌ಕೇಸ್‌ಗಳು ಸಣ್ಣ ವಿಮಾನದ ಲಗೇಜ್ ಬಾಗಿಲಿನಲ್ಲಿ ತೂರುವುದೇ ಕಷ್ಟ. ಬಟ್ಟೆಯ ಮೆತ್ತನೆಯ ಬ್ಯಾಗ್‌ಗಳಾದರೆ ಅದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತವೆ. ಕಿಂಗ್ ಏರ್‌ನಲ್ಲಿ ಸಾಮಾನು ಕ್ಯಾಬಿನ್ನಿನ ಹಿಂಭಾಗದಲ್ಲೇ ಇರುತ್ತದೆ. ಹಲವು ಲಘು ಜೆಟ್‌ಗಳಲ್ಲಿ ಅದಕ್ಕೆ ಹೊರಗಿನಿಂದ ತೆರೆಯುವ ಪ್ರತ್ಯೇಕ ಅರೆ ಇರುವುದರಿಂದ ಹಾರಾಟದ ನಡುವೆ ಕೈಗೆ ಸಿಗುವುದಿಲ್ಲ, ಆದ್ದರಿಂದ ಔಷಧಿ ಮತ್ತು ಮಗುವಿನ ಹಾಲಿನ ಬಾಟಲಿಯನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು.

ಟರ್ಬೊಪ್ರಾಪ್ ಸಾಕೇ, ಜೆಟ್ ಬೇಕೇ?

ಟರ್ಬೊಪ್ರಾಪ್ ಎಂದರೆ ಮುಂದೆ ಫ್ಯಾನ್ ತಿರುಗುವ ವಿಮಾನ ಎಂದು ಗುರುತಿಸಿ, ಅದನ್ನು ಹಳೆಯ ಕಾಲದ್ದೆಂದು ಮೂಗು ಮುರಿಯುವವರಿದ್ದಾರೆ. ಆ ಫ್ಯಾನನ್ನು ತಿರುಗಿಸುವುದೂ ಜೆಟ್ ಬಗೆಯ ಟರ್ಬೈನ್ ಎಂಜಿನ್ನೇ. ಕಿಂಗ್ ಏರ್ ಬಿ200 ಗಂಟೆಗೆ 500 ಕಿ.ಮೀ.ಗೂ ತುಸು ಹೆಚ್ಚು ವೇಗದಲ್ಲಿ, ಏಳೆಂಟು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಲಘು ಜೆಟ್‌ಗಳು 700ರಿಂದ 800 ಕಿ.ಮೀ. ವೇಗದಲ್ಲಿ, ಹನ್ನೆರಡು ಕಿಲೋಮೀಟರಿಗೂ ಮೇಲೆ ಹಾರಬಲ್ಲವು. ಬೆಳಗಾವಿಯಷ್ಟು ದೂರಕ್ಕೆ ಟರ್ಬೊಪ್ರಾಪ್ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡರೆ ಜೆಟ್ 55 ನಿಮಿಷ ತೆಗೆದುಕೊಳ್ಳುತ್ತದೆ. ಉಳಿಯುವುದು ಕಾಲು ಗಂಟೆ. ದೆಹಲಿಗಾದರೆ ಮೂರೂಮುಕ್ಕಾಲು ಗಂಟೆಯ ಬದಲು ಎರಡೂಮುಕ್ಕಾಲು, ಅಂದರೆ ಒಂದು ಗಂಟೆ ಉಳಿಯುತ್ತದೆ. ನೇರ ದೂರ 800 ಕಿ.ಮೀ. ದಾಟುವವರೆಗೆ ಟರ್ಬೊಪ್ರಾಪ್, ಅದರಾಚೆ ಲಘು ಜೆಟ್ ಎಂಬುದು ನಾನು ಹೇಳುವ ಒರಟು ಗಡಿ. ಮುಂಬೈ ಈ ಗಡಿಯ ಮೇಲೇ ಬರುತ್ತದೆ.

ಈ ಗಡಿಗೆ ಒಂದು ಮುಖ್ಯ ವಿನಾಯಿತಿ ಮುಂಗಾರುಪೂರ್ವದ ಗುಡುಗು ಮೋಡಗಳದ್ದು. ಏಪ್ರಿಲ್, ಮೇ ಸಂಜೆಗಳಲ್ಲಿ ಒಳನಾಡಿನ ಮೇಲೆ ಏಳುವ ಮೋಡಗಳು ಟರ್ಬೊಪ್ರಾಪ್ ಹಾರುವ ಮಟ್ಟವನ್ನು ಎಷ್ಟೋ ಮೀರಿ ಬೆಳೆಯುತ್ತವೆ. ಜೆಟ್ ಕೂಡ ಅತಿ ಎತ್ತರದ ಮೋಡಗಳನ್ನು ದಾಟಲಾರದು, ಸುತ್ತಿಯೇ ಹೋಗಬೇಕು. ಆದರೂ ಅದು ಹಾರುವ ಮಟ್ಟದಲ್ಲಿ ತಪ್ಪಿಸಬೇಕಾದ ಮೋಡಗಳ ಸಂಖ್ಯೆ ಕಡಿಮೆ, ಒಳಗಿರುವವರಿಗೆ ಕುಲುಕಾಟವೂ ಕಡಿಮೆ. ಜೊತೆಯಲ್ಲಿ ಹೃದ್ರೋಗಿಗಳೋ ಅಂಜುವವರೋ ಇದ್ದು ಸಂಜೆಯೇ ಹೊರಡಬೇಕಿದ್ದರೆ ಹತ್ತಿರದ ಊರಿಗೂ ಜೆಟ್ ಸಮರ್ಥನೀಯ.

ಒಂದೇ ಎಂಜಿನ್ನಿನ ಟರ್ಬೊಪ್ರಾಪ್‌ಗಳಾದ ಪಿಲಾಟಸ್ ಪಿಸಿ-12 ಮತ್ತು ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ನಡುವೆ ವ್ಯತ್ಯಾಸ ತಿಳಿದಿರಬೇಕು. ಪಿಸಿ-12ರ ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇದೆ, ಎತ್ತರದಲ್ಲಿ ವೇಗವಾಗಿ ಹಾರುತ್ತದೆ, ಹಿಂಭಾಗದಲ್ಲಿ 1.35 ಮೀಟರ್ ಅಗಲದ ದೊಡ್ಡ ಸರಕು ಬಾಗಿಲಿದೆ. ಕ್ಯಾರವಾನ್ ಗಟ್ಟಿಮುಟ್ಟಾದ ವಿಮಾನ, ಚಿಕ್ಕ ರನ್‌ವೇಗೂ ಒಗ್ಗುತ್ತದೆ, ಆದರೆ ಒತ್ತಡದ ವ್ಯವಸ್ಥೆ ಇಲ್ಲದ ಕಾರಣ ಸಾಮಾನ್ಯವಾಗಿ ಹತ್ತು ಸಾವಿರ ಅಡಿಯ ಆಸುಪಾಸಿನಲ್ಲೇ, ಮೋಡ ಮತ್ತು ಕುಲುಕಾಟದ ನಡುವೆಯೇ ಸಾಗಬೇಕು. ಒಂದೇ ಎಂಜಿನ್ನಿನ ಯಾವುದೇ ವಿಮಾನಕ್ಕೆ ಒಪ್ಪುವ ಮೊದಲು, ರಾತ್ರಿಯಲ್ಲಿ ಮತ್ತು ಮೋಡದೊಳಗೆ ಪ್ರಯಾಣಿಕರನ್ನು ಹಾರಿಸಲು ಆ ಆಪರೇಟರಿಗೆ ಅನುಮೋದನೆ ಇದೆಯೇ ಎಂದು ಕೇಳಬೇಕು. ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು: ಅವು ಕಲಿಯುವವರಿಗೆ, ಕುಟುಂಬದ ಪ್ರಯಾಣಕ್ಕಲ್ಲ.

ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಲೆಗಸಿ 600ರಂತಹ ದೊಡ್ಡ ಜೆಟ್ ಬರುತ್ತದೆ, ಹದಿಮೂರು ಜನರವರೆಗೆ ಸಾಕು. ನಲವತ್ತು, ಐವತ್ತು ಜನರ ದಿಬ್ಬಣಕ್ಕೆ ಎಟಿಆರ್ 72ನ್ನು ವಿಮಾನಯಾನ ಕಂಪನಿಯಿಂದಲೇ ಗೊತ್ತುಮಾಡಿಕೊಳ್ಳುವುದು, ಎರಡು ಮೂರು ಜೆಟ್‌ಗಳನ್ನು ಸಾಲಾಗಿ ಹಾರಿಸುವುದಕ್ಕಿಂತ ಜಾಣತನ.

ಹೆಲಿಕಾಪ್ಟರ್ ಯಾವಾಗ?

ಧರ್ಮಸ್ಥಳ, ಕೊಲ್ಲೂರು, ಕೊಡಗಿನಂತಹ ಕಡೆ ಹತ್ತಿರದಲ್ಲಿ ರನ್‌ವೇ ಇಲ್ಲದಿರುವುದರಿಂದ ಹೆಲಿಕಾಪ್ಟರ್ ನೆನಪಾಗುವುದು ಸಹಜ. ಬೆಲ್ 407, ಎಚ್125 ಮೊದಲಾದ ಒಂದೇ ಎಂಜಿನ್ನಿನವುಗಳಲ್ಲಿ ಐದಾರು ಜನ, ಎರಡು ಎಂಜಿನ್ನಿನ ಅಗಸ್ಟಾ 109ರಲ್ಲಿ ಆರು ಜನ ಕೂರಬಹುದು. ಗಂಟೆಗೆ 220 ಕಿ.ಮೀ. ಆಸುಪಾಸಿನ ವೇಗದಲ್ಲಿ ಬೆಂಗಳೂರಿನಿಂದ ಧರ್ಮಸ್ಥಳ ಒಂದು ಗಂಟೆ ಚಿಲ್ಲರೆಯ ದಾರಿ. ಆದರೆ ಹೆಲಿಕಾಪ್ಟರ್‌ನ ಪ್ರಯಾಣ ಬಹುಮಟ್ಟಿಗೆ ಕಣ್ಣಿಗೆ ನೆಲ ಕಾಣುವ ಹಗಲಿನ ಪ್ರಯಾಣ. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿಯ ಮೇಲೆ ಮೋಡ ಕೂತಿದ್ದರೆ ಘಟ್ಟ ಇಳಿಯುವಂತಿಲ್ಲ. ಎರಡು ಎಂಜಿನ್ ಇದ್ದ ಮಾತ್ರಕ್ಕೆ ಹವಾಮಾನದ ಅಪಾಯ ತಪ್ಪುವುದಿಲ್ಲ: 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಬೆಲ್ 430 ಎರಡು ಎಂಜಿನ್ನಿನದೇ ಆಗಿತ್ತು, ಮಳೆ ಮೋಡದ ನಡುವೆ ನಲ್ಲಮಲದ ಕಾಡಿನಲ್ಲಿ ಪತನವಾಯಿತು.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಾಚೆಗೆ ಹೆಲಿಕಾಪ್ಟರ್‌ನ ಬದಲು ಮಂಗಳೂರಿನವರೆಗೆ ವಿಮಾನ, ಅಲ್ಲಿಂದ ಕಾರು ಎಂಬ ಯೋಜನೆಯೇ ನಂಬಲರ್ಹ. ಉಳಿದ ತಿಂಗಳುಗಳಲ್ಲಿ ಹೆಲಿಕಾಪ್ಟರ್ ತೆಗೆದುಕೊಂಡರೂ ಮಧ್ಯಾಹ್ನ ಮೂರು ಗಂಟೆಯೊಳಗೆ ಮರಳಿ ಹೊರಡುವಂತೆ ಸಮಯ ಹೊಂದಿಸಬೇಕು, ತಾತ್ಕಾಲಿಕ ಹೆಲಿಪ್ಯಾಡ್ ಆದರೆ ಜಿಲ್ಲಾಡಳಿತದ ಅನುಮತಿ, ಪೊಲೀಸ್ ಮತ್ತು ಅಗ್ನಿಶಾಮಕ ವ್ಯವಸ್ಥೆಗೆ ಕೆಲವು ದಿನ ಮೊದಲೇ ಅರ್ಜಿ ಹಾಕಬೇಕು. ಚುನಾವಣೆಯ ಕಾಲದಲ್ಲಿ ಹೆಲಿಕಾಪ್ಟರ್‌ಗಳೆಲ್ಲ ಪಕ್ಷಗಳ ಪ್ರಚಾರಕ್ಕೆ ಮುಂಗಡವಾಗಿ ಹೋಗಿರುತ್ತವೆ. ಆಗ ಸಿಗುವುದನ್ನು ಸಿಕ್ಕ ದರಕ್ಕೆ ತೆಗೆದುಕೊಳ್ಳುವ ಬದಲು ರಸ್ತೆಯನ್ನೇ ನೆಚ್ಚಿಕೊಳ್ಳುವುದು ಲೇಸು.

ಕೂರುವವರಿಗೆ ತಕ್ಕ ಕ್ಯಾಬಿನ್

ಕಿಂಗ್ ಏರ್, ಪಿಸಿ-12, ಲಘು ಜೆಟ್‌ಗಳ ಕ್ಯಾಬಿನ್ ಎತ್ತರ ಸುಮಾರು ಒಂದೂವರೆ ಮೀಟರ್. ನೆಟ್ಟಗೆ ನಿಲ್ಲಲಾಗದು, ಬಗ್ಗಿಕೊಂಡೇ ಸೀಟಿಗೆ ಹೋಗಬೇಕು. ಸೈಟೇಶನ್ ಎಕ್ಸ್‌ಎಲ್‌ಎಸ್, ಹಾಕರ್ 800ರಂತಹ ಮಧ್ಯಮ ಜೆಟ್‌ಗಳಲ್ಲಿ ಅದು 1.75 ಮೀಟರ್ ಹತ್ತಿರ, ಚಾಲೆಂಜರ್ ಅಥವಾ ಲೆಗಸಿಯಲ್ಲಿ 1.8 ಮೀಟರ್ ದಾಟುತ್ತದೆ. ಒಂದು ಗಂಟೆ ಕೂತಿರುವವರಿಗೆ ಇದು ದೊಡ್ಡ ಸಂಗತಿಯಲ್ಲ. ಮಂಡಿ ನೋವಿನ ಅಜ್ಜಿಗೆ ದೊಡ್ಡ ಸಂಗತಿಯೇ. ಕಿಂಗ್ ಏರ್‌ನ ಬಾಗಿಲ ಅಗಲ ಸುಮಾರು ಎರಡೂಕಾಲು ಅಡಿ, ಮೆಟ್ಟಿಲು ಬಾಗಿಲಿನದೇ ಭಾಗ, ಕಡಿದಾಗಿರುತ್ತದೆ. ಗಾಲಿಕುರ್ಚಿ ಬಳಸುವವರನ್ನು ಇಬ್ಬರು ಹಿಡಿದು ಹತ್ತಿಸಬೇಕಾಗುತ್ತದೆ. ಸಣ್ಣ ವಿಮಾನಗಳಲ್ಲಿ ಶೌಚದ ವ್ಯವಸ್ಥೆ ಇದ್ದರೂ ಅದು ಪರದೆಯ ಹಿಂದಿನ ಒಂದು ಆಸನವಾಗಿರಬಹುದು. ‘ಟಾಯ್ಲೆಟ್ ಇದೆಯೇ’ ಎಂಬ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಸಾಲದು, ಅದಕ್ಕೆ ಬಾಗಿಲಿದೆಯೇ ಎಂದು ಕೇಳಿ ಫೋಟೊ ತರಿಸಿಕೊಳ್ಳಬೇಕು. ಮನೆಯ ಹಿರಿಯರು ಮುಜುಗರದಿಂದ ಇದನ್ನು ತಾವಾಗಿ ಕೇಳುವುದಿಲ್ಲ.

ರೋಗಿಯನ್ನು ಸಾಗಿಸುವುದಾದರೆ ಕ್ಯಾಬಿನ್‌ನ ಅಂದಚೆಂದ ಬದಿಗಿಟ್ಟು ಸ್ಟ್ರೆಚರ್, ಆಮ್ಲಜನಕ, ವೆಂಟಿಲೇಟರ್ ಅಳವಡಿಸಿದ ಏರ್ ಆಂಬುಲೆನ್ಸನ್ನೇ ಕೇಳಬೇಕು. ಸೀಟು ತೆಗೆದು ಹಾಸಿಗೆ ಹಾಕಿಕೊಡುತ್ತೇವೆ ಎಂಬ ಭರವಸೆಗೆ ಒಪ್ಪಬಾರದು. ಶ್ವಾಸಕೋಶದ ತೊಂದರೆ ಇರುವ ರೋಗಿಗೆ ಕ್ಯಾಬಿನ್ ಒತ್ತಡವನ್ನು ನೆಲಮಟ್ಟದ ಹತ್ತಿರ ಇಟ್ಟುಕೊಂಡು ಹಾರಬಹುದೇ ಎಂದು ವೈದ್ಯರೂ ಪೈಲಟ್‌ಗಳೂ ಮಾತಾಡಿಕೊಳ್ಳುವಂತೆ ಮಾಡಬೇಕು. ಹಾಗೆ ಹಾರಿದರೆ ವಿಮಾನ ಕೆಳಮಟ್ಟದಲ್ಲಿ ಸಾಗಿ ಹೆಚ್ಚು ಇಂಧನ ಕುಡಿಯುತ್ತದೆ, ಆದ್ದರಿಂದ ತೂಕದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ಹೊರದೇಶಕ್ಕಾದರೆ

ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ಸಿಂಗಪುರ ಸುಮಾರು 3,200 ಕಿ.ಮೀ., ಲಂಡನ್ ಸುಮಾರು 8,000 ಕಿ.ಮೀ. ಫಿನಾಮ್ 300 ಪುಸ್ತಕದ ಲೆಕ್ಕದಲ್ಲಿ 3,600 ಕಿ.ಮೀ. ಹಾರುತ್ತದೆಯಾದರೂ ಅದು ಆರು ಜನರ ಒಳಗಿನ, ಗಾಳಿ ನಿಂತ ದಿನದ ಲೆಕ್ಕ; ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿಯನ್ನು, ಸಿಂಗಪುರದ ಕಡೆ ಗುಡುಗು ಮೋಡ ಸುತ್ತುವುದನ್ನು ಸೇರಿಸಿದರೆ ಮಧ್ಯಮ ಜೆಟ್ ನೆಮ್ಮದಿ. ಲಂಡನ್ನಿಗೆ ನಿಲ್ಲದೆ ಹೋಗಬೇಕಾದರೆ ಗ್ಲೋಬಲ್ 6000, ಗಲ್ಫ್‌ಸ್ಟ್ರೀಮ್ 550ರ ವರ್ಗವೇ ಬೇಕು. ವಲಸೆ ಮತ್ತು ಸುಂಕದ ತಪಾಸಣೆ ಇರುವ ನಿಲ್ದಾಣದಿಂದಲೇ ದೇಶ ಬಿಡಬೇಕಾದ್ದರಿಂದ ಹುಬ್ಬಳ್ಳಿಯಿಂದ ನೇರ ದುಬೈ ಎಂದು ಯೋಚಿಸುವವರು ಬೆಂಗಳೂರು ಅಥವಾ ಮಂಗಳೂರಿನ ನಿಲುಗಡೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೋಟೇಶನ್ ಓದುವುದು

ಈಗ ದರ. ಚಾರ್ಟರ್‌ನ ಬಿಲ್ ನೀವು ಕೂತ ಗಂಟೆಗಳಿಗೆ ಮಾತ್ರವಲ್ಲ, ವಿಮಾನ ತನ್ನ ನೆಲೆ ಬಿಟ್ಟು ಮರಳಿ ನೆಲೆಗೆ ಸೇರುವವರೆಗಿನ ಹಾರಾಟಕ್ಕೆ. ಅಂಕಿಗಳು ಉದಾಹರಣೆಗೆ ಮಾತ್ರ ಎಂದುಕೊಂಡು, ಟರ್ಬೊಪ್ರಾಪ್‌ಗೆ ಗಂಟೆಗೆ 1.25 ಲಕ್ಷ, ಲಘು ಜೆಟ್‌ಗೆ 2.25 ಲಕ್ಷ, ದಿನಕ್ಕೆ ಕನಿಷ್ಠ ಎರಡು ಗಂಟೆಯ ಬಿಲ್ ಎಂದು ಇಟ್ಟುಕೊಳ್ಳೋಣ. ಬೆಳಗಾವಿಗೆ ಹೋಗಿ ಅದೇ ದಿನ ಬರಲು ಬೆಂಗಳೂರಿನಲ್ಲೇ ನೆಲೆಯಿರುವ ಟರ್ಬೊಪ್ರಾಪ್‌ಗೆ 2 ಗಂಟೆ 20 ನಿಮಿಷ, ಸುಮಾರು 2.9 ಲಕ್ಷ. ಬೆಂಗಳೂರಿನ ಜೆಟ್‌ಗೆ 1 ಗಂಟೆ 50 ನಿಮಿಷವಾದರೂ ಕನಿಷ್ಠ ಬಿಲ್ ಪ್ರಕಾರ 4.5 ಲಕ್ಷ. ಆ ಜೆಟ್ ಮುಂಬೈಯಿಂದ ಖಾಲಿ ಬಂದು ಖಾಲಿ ಮರಳಬೇಕಿದ್ದರೆ ಆ ಫೆರಿಗೆ ಇನ್ನೂ 2 ಗಂಟೆ 40 ನಿಮಿಷ, ಮೊತ್ತ ಹತ್ತು ಲಕ್ಷ ದಾಟುತ್ತದೆ. ಜೆಟ್‌ನಿಂದ ಉಳಿದ ಸಮಯ ಎರಡೂ ಕಡೆ ಸೇರಿ ಅರ್ಧ ಗಂಟೆ. ಹತ್ತಿರದ ನೆಲೆಯ ಸಾಧಾರಣ ವಿಮಾನ, ದೂರದ ನೆಲೆಯ ಒಳ್ಳೆಯ ವಿಮಾನಕ್ಕಿಂತ ಅಗ್ಗವಾಗುವುದು ಹೀಗೆ.

ಲ್ಯಾಂಡಿಂಗ್, ಪಾರ್ಕಿಂಗ್, ಹ್ಯಾಂಡ್ಲಿಂಗ್ ಶುಲ್ಕ, ಕಾಯುವ ಅವಧಿಯ ದರ, ರಾತ್ರಿ ಉಳಿದರೆ ಸಿಬ್ಬಂದಿಯ ಹೋಟೆಲ್ ಖರ್ಚು, ನಿಲ್ದಾಣದ ಸಮಯ ವಿಸ್ತರಣೆ, ಊಟೋಪಚಾರ, ಜಿಎಸ್‌ಟಿ ಇವು ಒಟ್ಟು ಮೊತ್ತದಲ್ಲಿ ಸೇರಿವೆಯೋ ಹೊರಗಿವೆಯೋ ಎಂದು ಒಂದೊಂದಾಗಿ ಬರೆಸಿಕೊಳ್ಳಬೇಕು. ಎರಡು ರಾತ್ರಿಗಿಂತ ಹೆಚ್ಚು ತಂಗುವುದಾದರೆ ವಿಮಾನವನ್ನು ಅಲ್ಲೇ ಕಾಯಿಸುವುದಕ್ಕಿಂತ ಖಾಲಿ ಕಳುಹಿಸಿ ಮತ್ತೆ ಕರೆಸುವುದು ಕೆಲವೊಮ್ಮೆ ಅಗ್ಗ. ಎರಡೂ ಬಗೆಯ ಕೋಟೇಶನ್ ಕೇಳಿ. ಖಾಲಿ ಮರಳುವ ವಿಮಾನದಲ್ಲಿ ಕಡಿಮೆ ದರಕ್ಕೆ ಜಾಗ ಸಿಗುವುದುಂಟು, ಆದರೆ ಮೂಲ ಗ್ರಾಹಕ ತನ್ನ ಕಾರ್ಯಕ್ರಮ ಬದಲಿಸಿದರೆ ಅದೂ ಹೋಗುತ್ತದೆ. ಮುಹೂರ್ತವಿರುವ ಪ್ರಯಾಣಕ್ಕೆ ಅದನ್ನು ನಂಬಬಾರದು.

ಪರವಾನಗಿ ಮತ್ತು ಕೊನೆಯ ತಪಾಸಣೆ

ಭಾರತದಲ್ಲಿ ಬಾಡಿಗೆಗೆ ಪ್ರಯಾಣಿಕರನ್ನು ಹಾರಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನೀಡುವ ನಾನ್ ಷೆಡ್ಯೂಲ್ಡ್ ಆಪರೇಟರ್ ಪರವಾನಗಿ ಬೇಕು. ಉದ್ಯಮಿಗಳ ಸ್ವಂತ ಬಳಕೆಗೆಂದು ನೋಂದಾಯಿಸಿದ ವಿಮಾನಗಳೂ ‘ವಿಟಿ’ ಎಂದೇ ಆರಂಭವಾಗುವ ಸಂಖ್ಯೆಯನ್ನು ಹೊತ್ತಿರುವುದರಿಂದ ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಅಂತಹ ವಿಮಾನವನ್ನು ಪರಿಚಯದ ಮೇಲೆ ಕಡಿಮೆ ಬಾಡಿಗೆಗೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ ನಿರಾಕರಿಸಬೇಕು: ಅದು ಕಾನೂನುಬಾಹಿರ, ಅವಘಡವಾದರೆ ವಿಮೆಯ ಪರಿಹಾರವೂ ಅನುಮಾನ. ಪರವಾನಗಿ ಪಡೆದ ಆಪರೇಟರುಗಳ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ಬ್ರೋಕರಿನ ಹೆಸರು ಅದರಲ್ಲಿ ಇರುವುದಿಲ್ಲ, ಆದ್ದರಿಂದ ನಿಜವಾಗಿ ಹಾರಿಸುವ ಆಪರೇಟರ್ ಯಾರೆಂದು ಕೇಳಿ, ಪರವಾನಗಿ, ಪ್ರಯಾಣಿಕರ ವಿಮೆ, ವಿಮಾನದ ಹಾರಾಟ ಯೋಗ್ಯತೆಯ ಪ್ರಮಾಣಪತ್ರಗಳ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ತರಿಸಿಕೊಳ್ಳಬೇಕು. ಇಬ್ಬರು ಪೈಲಟ್‌ಗಳಿರುತ್ತಾರೆಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ಒಪ್ಪಂದದಲ್ಲಿ ವಿಮಾನದ ಬಗೆಯ ಜೊತೆಗೆ ಅದರ ನೋಂದಣಿ ಸಂಖ್ಯೆಯನ್ನೂ ಬರೆಸಬೇಕು. ‘ಅಥವಾ ತತ್ಸಮಾನ ವಿಮಾನ’ ಎಂಬ ಮಾತು ಒಪ್ಪಂದದಲ್ಲಿದ್ದರೆ, ರಿಪೇರಿಯ ಕಾರಣಕ್ಕೆ ಬೇರೆ ವಿಮಾನ ಬಂದಾಗ ಪೇಲೋಡ್ ಮತ್ತು ರನ್‌ವೇಯ ಲೆಕ್ಕವೆಲ್ಲ ಮೊದಲಿನಿಂದ ಬದಲಾಗುತ್ತದೆ. ಬದಲಿ ವಿಮಾನವೂ ಅದೇ ಸೆಕ್ಟರ್‌ನಲ್ಲಿ ಅದೇ ಪೇಲೋಡ್ ಕೊಡಬೇಕು, ಇಲ್ಲದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಸಾಲನ್ನು ಸೇರಿಸಬೇಕು. ಹೊರಡುವ ಹಿಂದಿನ ಸಂಜೆ ಫೋನ್ ಮಾಡಿ ನೋಂದಣಿ ಸಂಖ್ಯೆ, ವಿಮಾನ ಆ ಹೊತ್ತಿಗೆ ಎಲ್ಲಿ ನಿಂತಿದೆ, ದೇವನಹಳ್ಳಿಯೋ ಎಚ್‌ಎಎಲ್ಲೋ, ಯಾವ ಗೇಟಿಗೆ ಬರಬೇಕು ಎಂಬುದನ್ನು ಖಚಿತಪಡಿಸಿಕೊಂಡು, ಪ್ರಯಾಣಿಕರ ಗುರುತಿನ ಚೀಟಿಗಳ ಪ್ರತಿ ಮತ್ತು ಅಂತಿಮ ತೂಕದ ಪಟ್ಟಿಯನ್ನು ಕಳುಹಿಸಿಬಿಡಬೇಕು. ಆ ಪಟ್ಟಿಯಲ್ಲಿ ಇಲ್ಲದ ಭಾವಮೈದುನ ಬೆಳಿಗ್ಗೆ ಗೇಟಿನ ಬಳಿ ಸೂಟ್‌ಕೇಸ್ ಹಿಡಿದು ನಿಂತರೆ, ಅವರನ್ನು ಹತ್ತಿಸಿಕೊಳ್ಳುವ ಅಥವಾ ಬಿಟ್ಟುಹೋಗುವ ತೀರ್ಮಾನ ಪೈಲಟ್‌ನದು. ಅಲ್ಲಿ ವಾದಕ್ಕೆ ನಿಲ್ಲಬೇಡಿ.